ಹದಿನಾಲ್ಕು ತಿಂಗಳು ಕಾದ ಮೊಣಕಾಲು

ಬೆಳಗಿನ ಐದೂವರೆಗೆ ಕುರುಣೆಗಲ ರಸ್ತೆಯ ಸೇನಾ ಆಸ್ಪತ್ರೆಯ ಮೂರನೇ ವಾರ್ಡಿಗೆ ಮೇಜರ್ ಜನರಲ್ ಅಸೇಲ ಉಡವತ್ತ ಒಬ್ಬರೇ ಬರುತ್ತಾರೆ. ಟೋಪಿ ಕಾರಿನಲ್ಲೇ ಇದೆ. ಸೇನೆಯ ವೈದ್ಯಕೀಯ ವಿಭಾಗದ ಮುಖ್ಯಸ್ಥರಾದ ಮೇಲೂ, ಕಾಲು ಕಳೆದುಕೊಂಡವರ ಗಾಯ ನೋಡದೆ ಅವರು ಕಚೇರಿಗೆ ಹೋಗುವುದಿಲ್ಲ. ಬ್ಯಾಂಡೇಜನ್ನು ಮಾತ್ರ ಈಗೀಗ ದಾದಿಯರೇ ಬಿಚ್ಚುತ್ತಾರೆ.

ದ್ವೀಪದ ದಕ್ಷಿಣ ಕರಾವಳಿಯ ಗಾಲೆಯಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದವಳ ಮಗ. ಇಪ್ಪತ್ತೇಳಕ್ಕೆ ಕ್ಯಾಪ್ಟನ್ ಆಗಿ ಉತ್ತರದ ವವುನಿಯಾದ ಯುದ್ಧಭೂಮಿಯ ಚಿಕಿತ್ಸಾ ಟೆಂಟಿಗೆ ಹೋದವರು ಅಲ್ಲಿ ಒಂದೇ ದಿನ ಹತ್ತೊಂಬತ್ತು ಕಾಲು ಕತ್ತರಿಸಿದ್ದುಂಟು. ಆಮೇಲೆ ಕರ್ನಲ್, ಬ್ರಿಗೇಡಿಯರ್. ಏರಿದಂತೆಲ್ಲ ಚಾಕು ದೂರವಾಯಿತು. ಈಗ ದಿನಕ್ಕೆ ಎಂಬತ್ತು ಕಡತ. "ಕಡತದಿಂದ ರಕ್ತ ಬರಲ್ಲ. ಅದರಲ್ಲಿ ಮಾಡಿದ ತಪ್ಪು ತಕ್ಷಣ ಕಾಣ್ಸೋದೂ ಇಲ್ಲ," ಎನ್ನುತ್ತಾರೆ.

ಹನ್ನೊಂದನೇ ಹಾಸಿಗೆಯಲ್ಲಿ ಮಾಜಿ ಕಾರ್ಪೊರಲ್ ತಿಲಕಸಿರಿ, ಆ ಹತ್ತೊಂಬತ್ತರಲ್ಲಿ ಒಬ್ಬ. ಇನ್ನೊಮ್ಮೆ ಕೊಯ್ಯಬೇಕಾಗಿ ಬಂದರೆ ತಾನೇ ಕೊಯ್ಯುತ್ತೇನೆಂದು ಉಡವತ್ತ ಅಂದು ಮಾತು ಕೊಟ್ಟಿದ್ದರು. ಮೊಂಡುಗಾಲಿನಲ್ಲಿ ಎಲುಬು ಬೆಳೆದು ಕೀವು ಕಟ್ಟಿದಾಗ 'ಮುಂದಿನ ತಿಂಗಳು' ಎಂದರು. ಮರುತಿಂಗಳೂ ಅದನ್ನೇ ಎಂದರು. ಬೇರೆ ವೈದ್ಯರನ್ನು ಅವನು ಹತ್ತಿರ ಸೇರಿಸಲಿಲ್ಲ. ಸೈನಿಕ, ಕಾಯಲು ಹೇಳಿದರೆ ಕಾಯುತ್ತಾನೆ.

ಇವತ್ತು ಎಂಟಕ್ಕೆ ಶಸ್ತ್ರಚಿಕಿತ್ಸೆ.

"ಬಂದ್ರಾ ಸರ್! ಭುಜದ ಮೇಲೆ ನಕ್ಷತ್ರ ಜಾಸ್ತಿಯಾಗಿ ಬಡವನ ಕಾಲು ಮರೆತೇಹೋಯ್ತು ಅಂದ್ಕೊಂಡೆ."

"ಸುಮ್ನಿರು ಮಲ್ಲಿ." ಮಲ್ಲಿ ಎಂದರೆ ಅವರ ಮಾತಿನಲ್ಲಿ ತಮ್ಮ.

"ನಂಗೆ ಉಪವಾಸ. ನೀವಾದ್ರೂ ಚಹಾ ಕುಡೀರಿ."

ದಾದಿ ಇಟ್ಟುಹೋದ ಲೋಟವನ್ನು ಉಡವತ್ತ ಎತ್ತುತ್ತಾರೆ. ಕಪ್ಪು ಚಹಾ ತುಳುಕಿ ಸಮವಸ್ತ್ರದ ಮೇಲೆ ಚೆಲ್ಲುತ್ತದೆ. ಲೋಟ ಕೆಳಗಿಟ್ಟು, ನಡುಗುವ ಬಲಗೈಯನ್ನು ಅವನ ಮುಂದೆ ಚಾಚುತ್ತಾರೆ.

"ಯಾವಾಗಿಂದ?"

"ಹದಿನಾಲ್ಕು ತಿಂಗಳಾಯ್ತು."

"ಆಗಲೇ ಹೇಳಿದ್ರೆ?"

"ಮೊಣಕಾಲು ಉಳೀತಿತ್ತು. ಈಗ ಅದಕ್ಕೂ ಮೇಲೆ ಕತ್ತರಿಸ್ಬೇಕು. ಮೇಜರ್ ಇನೋಕಾ ಮಾಡ್ತಾಳೆ. ಯಾರೂ ಕೇಳ್ಲಿಲ್ಲ ಮಲ್ಲಿ. ಜನರಲ್ ಕೈ ಯಾಕೆ ನಡುಗುತ್ತೆ ಅಂತ ಯಾರು ಕೇಳ್ತಾರೆ? ನಾನೂ ಹೇಳ್ಲಿಲ್ಲ."

ತಿಲಕಸಿರಿ ಗೋಡೆಯ ಕಡೆ ಹೊರಳುತ್ತಾನೆ. ಪಕ್ಕದ ಹಾಸಿಗೆಯವನು ಹೊದಿಕೆ ಮುಖದ ಮೇಲೆಳೆದುಕೊಳ್ಳುತ್ತಾನೆ.

"ಆವತ್ತು ಟೆಂಟಲ್ಲಿ ನನ್ನ ಕಾಲು ಎತ್ತಿ ಹಿಡ್ಕೊಂಡಿದ್ದು ಯಾರು ಸರ್?" ತಿಲಕಸಿರಿ ಗೋಡೆಗೇ ಕೇಳುತ್ತಾನೆ.

"ಅಡುಗೆಯ ಪೊಡಿಅಪ್ಪು."

"ಇವತ್ತು ಆ ಕೆಲ್ಸ ನಿಮ್ದು."

ಎಂಟಕ್ಕೆ ಇನೋಕಾ ಗರಗಸ ಹಿಡಿಯುತ್ತಾಳೆ. ಜನರಲ್ ಎರಡೂ ಕೈಯಲ್ಲಿ ಕಾಲನ್ನು ಎತ್ತಿ ನಿಲ್ಲುತ್ತಾರೆ. ಎಲುಬು ಬಿಟ್ಟುಕೊಂಡಾಗ ಪೂರ್ತಿ ಭಾರ ಅವರ ತೋಳಿಗೆ ಬರುತ್ತದೆ. ಅದನ್ನು ಇಳಿಸಲು ಇನ್ನೊಬ್ಬರು ಹೇಳಬೇಕಾಗುತ್ತದೆ.

ನಿವೃತ್ತಿಗೆ ಎರಡು ತಿಂಗಳಿದೆ. ಬೀಳ್ಕೊಡುಗೆ ಬೇಡವೆಂದು ಬರೆದುಕೊಟ್ಟಿದ್ದಾರೆ. ಕೈಲಾಗುವವರೆಗೆ ಈ ವಾರ್ಡಿಗೆ ಬರಬೇಕು, ಅಷ್ಟೇ ಆಸೆ.

"ಒಂದು ಸಲವೂ ನಡುಗಲಿಲ್ಲ ಸರ್, ನಿಮ್ಮ ಕೈ," ಎಂದಳಂತೆ ಇನೋಕಾ, ಅವತ್ತು ಶಸ್ತ್ರಚಿಕಿತ್ಸೆ ಮುಗಿದ ಮೇಲೆ.

"ಭಾರ ಇತ್ತಲ್ಲಮ್ಮ, ಅದಕ್ಕೆ," ಎಂದರಂತೆ ಉಡವತ್ತ.