ಗಿರಣಿ ಮನೆಯ ಮೇಲಿನ ಕಂಬ

ಕಂಬ ಹತ್ತುವುದನ್ನು ನನಗೆ ಯಾರೂ ಕಲಿಸಲಿಲ್ಲ. ಹತ್ತಬೇಡ ಎಂದು ಹೇಳುವವರು ಮಾತ್ರ ಬೇಕಾದಷ್ಟು ಜನ ಇದ್ದರು. ಜಗಳೂರಿನ ಕೇಬಲ್ ಆಫೀಸಿನಲ್ಲಿ ನಾನು ಹನ್ನೊಂದು ವರ್ಷ ಫೋನು ಎತ್ತುವ ಕೆಲಸ ಮಾಡಿದೆ. ನನ್ನ ಯಜಮಾನರು ಅದೇ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದರು. ಕಾಮಾಲೆ ಬಂದು ಅವರು ತೀರಿಕೊಂಡ ಮೇಲೆ ಮಾಲೀಕರು ಕರುಣೆ ತೋರಿ ನನಗೊಂದು ಕುರ್ಚಿ ಕೊಟ್ಟರು. ಕರುಣೆ ಎಂಬ ಮಾತು ನನ್ನದಲ್ಲ, ಅವರದೇ. ತಿಂಗಳಿಗೆ ಎರಡು ಸಲವಾದರೂ ಅದನ್ನು ನನಗೆ ನೆನಪು ಮಾಡುತ್ತಿದ್ದರು. ಊರವರು ಫೋನಿನಲ್ಲಿ ಬೈಯುತ್ತಿದ್ದರು, ನಾನು ಬೈಸಿಕೊಳ್ಳುತ್ತಿದ್ದೆ, ಲೈನ್ ಸರಿ ಮಾಡಬೇಕಾದವರು ಹೊರಗೆ ನಿಂತು ಟೀ ಕುಡಿಯುತ್ತಿದ್ದರು.

ಹಾಗೆ ಬೈಯುತ್ತಿದ್ದವರಲ್ಲಿ ಅರ್ಧದಷ್ಟು ಜನ ಬಿಳಿಚೋಡು ಕಡೆಯ ರಸ್ತೆಯಲ್ಲಿ ಎದ್ದ ಹೊಸ ಬಡಾವಣೆಯವರು. ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು, ಆಸ್ಪತ್ರೆಯ ನರ್ಸುಗಳು, ಕುರಿ ವ್ಯಾಪಾರದಲ್ಲಿ ನಾಲ್ಕು ಕಾಸು ಮಾಡಿಕೊಂಡು ಮನೆ ಕಟ್ಟಿದವರು. ಸೈಟು ಆಗಿತ್ತು, ಮನೆ ಆಗಿತ್ತು, ಗೃಹಪ್ರವೇಶವೂ ಆಗಿತ್ತು, ಇಂಟರ್ನೆಟ್ ಮಾತ್ರ ಇರಲಿಲ್ಲ. ಟೆರೇಸಿಗೆ ಹೋಗಿ ಕೈ ಎತ್ತಿ ಹಿಡಿದರೆ ಮೊಬೈಲಿನಲ್ಲಿ ಎರಡು ಕಡ್ಡಿ ಕಾಣುತ್ತಿದ್ದವು. ಅಲ್ಲಿಗೊಂದು ಲೈನ್ ಎಳೆಯೋಣ ಎಂದು ಮಾಲೀಕರಿಗೆ ಎರಡು ವರ್ಷ ಹೇಳಿದೆ. ಆ ಬಯಲಿಗೆ ಯಾರು ಕಂಬ ನೆಡುತ್ತಾರೆ ಎಂದು ನಕ್ಕರು. ಕಂಬ ಯಾಕೆ ಬೇಕು, ಗಾಳಿಯಲ್ಲೇ ಕಳಿಸಬಹುದು, ವೈರ್‌ಲೆಸ್ ಎಂದು ಬಂದಿದೆ ಎಂದೆ. ಆಗ ಇನ್ನೂ ಜೋರಾಗಿ ನಕ್ಕರು. ಆ ನಗು ನನಗೆ ಎಲ್ಲಿ ನಾಟಿತೋ, ಆ ತಿಂಗಳೇ ಕೆಲಸ ಬಿಟ್ಟೆ.

ದಾವಣಗೆರೆಯ ಒಂದು ಕಂಪನಿಯವರು ಸಗಟಾಗಿ ನೆಟ್ ಕೊಡಲು ಒಪ್ಪಿದರು. ಲೈಸೆನ್ಸ್ ಅವರದು, ಮನೆಮನೆಗೆ ಹಂಚುವುದು ನನ್ನದು. ಪೇಟೆ ಬೀದಿಯಲ್ಲಿ ಮಹಡಿಯ ಮೇಲೊಂದು ಸಣ್ಣ ರೂಮು ಹಿಡಿದೆ. ಅವರ ಫೈಬರ್ ಅಲ್ಲಿವರೆಗೆ ಬಂತು. ಅಲ್ಲಿಂದ ಬಡಾವಣೆಗೆ ನೆಟ್ ಹಾರಿಸಬೇಕಾದರೆ ಎರಡೂ ಕಡೆ ಒಂದೊಂದು ಡಿಶ್ ಬೇಕು, ಅವು ಒಂದನ್ನೊಂದು ಕಣ್ಣಿಗೆ ಕಣ್ಣಿಟ್ಟು ನೋಡುವಂತಿರಬೇಕು. ನಡುವೆ ಗೋಡೆ, ಮರ, ನೀರಿನ ಟ್ಯಾಂಕು ಏನೂ ಅಡ್ಡ ಬರಬಾರದು. ಬಡಾವಣೆಯಲ್ಲಿ ಪೇಟೆ ಬೀದಿಗೆ ಹಾಗೆ ನೇರವಾಗಿ ಕಾಣುವ ಮನೆ ಒಂದೇ ಒಂದು ಇತ್ತು. ಅದು ಬಡಾವಣೆಗಿಂತ ಮೊದಲಿನಿಂದಲೂ ಅಲ್ಲಿದ್ದ ಹಿಟ್ಟಿನ ಗಿರಣಿಯ ಮನೆ. ಕೆಳಗೆ ಗಿರಣಿ, ಮೇಲೆ ಎರಡು ಅಂತಸ್ತು.

ಗಿರಣಿಯವರು ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮೆತ್ತಗಿನ ಮನುಷ್ಯ. ಅವರನ್ನು ನಾನು ಅಣ್ಣಾರೆ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರೆ ಎನ್ನುತ್ತಿದ್ದರು. ಮನೆಗೆ ನೆಟ್ ಪುಕ್ಕಟೆ ಕೊಡುತ್ತೇನೆ, ಟೆರೇಸಿನಲ್ಲಿ ಒಂದು ಕಂಬ ನಿಲ್ಲಿಸಲು ಜಾಗ ಕೊಡಿ ಎಂದೆ. ಆಗಲಿ ಎಂದರು. ಕಾಗದ ಪತ್ರ ಏನೂ ಇಲ್ಲ, ಬಾಯಿಮಾತು. ಅವರ ತಾಯಿ, ಎಪ್ಪತ್ತು ದಾಟಿದವರು, ಆಗಲೂ ದಿನಾ ಗಿರಣಿಯ ಮುಂದೆ ನಿಂತು ಹಿಟ್ಟು ಬೀಸಿಕೊಡುತ್ತಿದ್ದರು. ಗಂಡ ಹೋದ ಮೇಲೆ ಗಿರಣಿ ನಡೆಸಿ ಮಗನನ್ನು ದೊಡ್ಡವನನ್ನು ಮಾಡಿದ್ದು ಅವರೇ ಎಂದು ಇಡೀ ಬಡಾವಣೆಗೆ ಗೊತ್ತಿತ್ತು. ಮುಖಕ್ಕೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡು ನನ್ನ ಕಡೆ ಒಂದು ಸಲ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ತಿರುಗಿಕೊಂಡರು.

ಕಂಬಕ್ಕೆ ಬೋರ್‌ವೆಲ್‌ನ ಹಳೆಯ ಕಬ್ಬಿಣದ ಪೈಪು ತಂದೆ. ಗೋಡೆಗೆ ಕ್ಲ್ಯಾಂಪು ಹೊಡೆಯುವವರು ಬಂದು ಹೊಡೆದು ಹೋದರು. ಡಿಶ್ ಕಟ್ಟಲು ಇಬ್ಬರನ್ನು ಕೇಳಿದೆ. ಇಬ್ಬರೂ ನನ್ನ ಹಳೆಯ ಮಾಲೀಕರ ಕಡೆಯವರು, ನಾಳೆ ಬರುತ್ತೇವೆ ಎಂದವರು ಬರಲೇ ಇಲ್ಲ. ಹಾಳಾಗಿ ಹೋಗಲಿ ಎಂದು ಚೂಡಿದಾರದ ಮೇಲೆ ಯಜಮಾನರ ಹಳೆಯ ಅಂಗಿ ಹಾಕಿಕೊಂಡು, ಅವರದೇ ಬೆಲ್ಟು ಸೊಂಟಕ್ಕೆ ಬಿಗಿದು, ನಾನೇ ಹತ್ತಿದೆ. ಬಡಾವಣೆಯ ಅರ್ಧ ಜನ ತಂತಮ್ಮ ಟೆರೇಸಿಗೆ ಬಂದು ನಿಂತು ನೋಡಿದರು. ನೋಡಲಿ, ನೋಡಿದರೆ ನನ್ನ ಗಂಟೇನು ಹೋಗುತ್ತದೆ. ಮೇಲೆ ಹೋಗಿ ಡಿಶ್ ಕಟ್ಟಿ, ಅದರ ಮುಖ ಪೇಟೆ ಬೀದಿಯ ಕಡೆ ತಿರುಗಿಸಿ ಬಿಗಿದೆ.

ಎಂಟು ತಿಂಗಳಲ್ಲಿ ಮೂವತ್ತೆಂಟು ಮನೆ ಆದವು. ದೂರು ಬಂದರೆ ಗಂಟೆಯೊಳಗೆ ಹೋಗಿ ನಿಲ್ಲುತ್ತಿದ್ದೆ. ಬೈಗುಳ ತಿಂದೂ ತಿಂದೂ ದೂರು ಎಂದರೇನು ಎಂದು ನನಗೆ ಗೊತ್ತಾಗಿತ್ತಲ್ಲ. ಆಮೇಲೆ ನನ್ನ ಹಳೆಯ ಮಾಲೀಕರಿಗೆ ಆ ಬಯಲಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ದಸರಾದ ವಾರ ಅವರ ಕಡೆಯವರು ಮನೆಮನೆಗೆ ಚೀಟಿ ಹಂಚಿದರು. ನಮ್ಮ ಫೈಬರ್ ಬರುತ್ತಿದೆ, ಮೊದಲ ಮೂರು ತಿಂಗಳು ಪುಕ್ಕಟೆ, ಆ ಹೆಂಗಸಿನ ಗಾಳಿ ನೆಟ್ ನಂಬಬೇಡಿ ಎಂದು ಬಾಯಲ್ಲೂ ಹೇಳಿ ಹೋದರು. ಮೂವತ್ತೆಂಟೂ ಮನೆಯವರು ಕಾದು ನೋಡುತ್ತಿದ್ದರು. ಒಂದು ದಿನ ನೆಟ್ ನಿಂತರೂ ನನ್ನ ಕಥೆ ಮುಗಿದಂತೆಯೇ.

ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೆಟ್ ನಿಂತಿತು.

ಒಂದು ಮನೆಯಲ್ಲ, ಎಲ್ಲ ಮನೆಯದೂ. ರಜೆ ಬೇರೆ, ಎಲ್ಲರೂ ಮನೆಯಲ್ಲಿದ್ದರು. ಫೋನಿನ ಮೇಲೆ ಫೋನು. ಪೇಟೆ ರೂಮಿನಲ್ಲಿ ಎಲ್ಲ ಸರಿಯಿತ್ತು, ಗಿರಣಿ ಮನೆಯ ಡಿಶ್ಶಿನಿಂದ ಮಾತ್ರ ಸಿಗ್ನಲ್ಲೇ ಇರಲಿಲ್ಲ, ಸತ್ತವರ ಹಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು. ಹಿಂದೆ ಮುಂದೆ ನೋಡದೆ ಹಳೆಯ ಮಾಲೀಕರಿಗೆ ಫೋನು ಹಚ್ಚಿ, ವೈರು ಕತ್ತರಿಸುವ ಮಟ್ಟಕ್ಕೆ ಇಳಿದಿರೇನು, ಹಬ್ಬದ ದಿನ ನಿಮಗೆ ಒಳ್ಳೆಯದಾಗುತ್ತಾ ಎಂದು ಹನ್ನೊಂದು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಬೈದೆ. ಅವರು ಪಾಪ, ಅಮ್ಮಾ ನಾನು ಪೂಜೆಗೆ ಕುಂತೀನಿ ಎಂದರು. ಅದಕ್ಕೂ ಬೈದೆ.

ಗಾಡಿ ಹತ್ತಿ ಬಡಾವಣೆಗೆ ಹೋದೆ. ಗಿರಣಿ ಮನೆಯ ಮುಂದೆ ನಿಂತು ತಲೆ ಎತ್ತಿ ನೋಡಿದರೆ, ನನ್ನ ಕಂಬದ ತುದಿಯಲ್ಲಿ ಎರಡು ಬಾಳೆಗಿಡ ನಿಂತಿದ್ದವು. ಬುಡಸಮೇತ ಎತ್ತಿ ಕಟ್ಟಿದ್ದರು. ಡಿಶ್ಶಿಗೆ ನೀರು ಹುಯ್ದು ತೊಳೆದು, ಮೂರು ಬೆರಳಲ್ಲಿ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಒದ್ದೆ ಬಾಳೆ ಎಲೆ ಎರಡೂ ಸರಿಯಾಗಿ ಡಿಶ್ಶಿನ ಮುಖದ ಮುಂದೆ ಇಳಿಬಿದ್ದಿದ್ದವು. ನೀರು ತುಂಬಿದ ಎಲೆಯೆಂದರೆ ಆ ಯಂತ್ರಕ್ಕೆ ಗೋಡೆ ಇದ್ದಂತೆ. ಎಂಥ ಹಳೆಯ ಮಾಲೀಕ, ಎಂಥ ಕತ್ತರಿ! ನಾನು ಫೋನಿನಲ್ಲಿ ಬೈದದ್ದು ಸುಮ್ಮನೆ ಖರ್ಚಾಯಿತಲ್ಲ ಎಂದು ಒಂದು ಗಳಿಗೆ ನಗು ಬಂತು. ಆಮೇಲೂ ಅವರಲ್ಲಿ ಕ್ಷಮೆ ಕೇಳಲಿಲ್ಲ. ಅವತ್ತಿನದಲ್ಲದಿದ್ದರೆ ಹಿಂದಿನ ಯಾವುದಕ್ಕೋ ಜಮೆಯಾಗಲಿ ಎಂದು ಬಿಟ್ಟೆ.

ಗಿರಣಿಯವರು ಪಂಚೆಯುಟ್ಟು ನಗುತ್ತಾ ಎದುರು ಬಂದರು. ಗಿರಣಿ, ತಕ್ಕಡಿ, ಬೈಕು ಎಲ್ಲಕ್ಕೂ ಪೂಜೆ ಮಾಡಿ, ನಮ್ಮ ಮನೆ ಮೇಲಿರುವ ನಿಮ್ಮ ಮಷಿನ್ ಒಂದನ್ನೇ ಬಿಟ್ಟರೆ ಚೆಂದ ಕಾಣುವುದಿಲ್ಲ ಎಂದು ಅದಕ್ಕೂ ಮಾಡಿದೆವು ಎಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು, ಅದರಲ್ಲಿ ಸುಳ್ಳಿಲ್ಲ. ಹೀಗೆ ಹೀಗೆ, ಎಲೆ ಅಡ್ಡ ಬಂದಿದೆ, ಒಂದು ಮೊಳ ಹಿಂದಕ್ಕೆ ಸರಿಸಿ ಕಟ್ಟಿಬಿಡುತ್ತೇನೆ ಎಂದು ಮೆಟ್ಟಿಲ ಕಡೆ ಹೊರಟೆ. ಅವರು ಅಡ್ಡ ಬಂದು ನಿಂತರು.

"ಅಕ್ಕಾರೆ, ಬ್ಯಾರೆ ದಿನ ಆಗಿದ್ರೆ ನಾನೇನೂ ಅಂತಿರಲಿಲ್ಲ. ಇವತ್ತು ಪೂಜೆ ಆಗೈತೆ. ನೀವು ಮುಟ್ಟಬ್ಯಾಡ್ರಿ. ನಿಮಗೇ ಗೊತ್ತಲ್ಲ."

ಪೂಜೆಯಾದ ಬಾಳೆಯನ್ನು ಇವತ್ತು ಕದಲಿಸಬಾರದೋ ಎಂದು ಕೇಳಿದೆ. ಹಾಗೇನಿಲ್ಲ, ಬೆಳಿಗ್ಗೆ ಹತ್ತಿ ಕಟ್ಟಿದ ನನ್ನ ಭಾವಮೈದುನ ಊಟಕ್ಕೆ ಮತ್ತೆ ಬರುತ್ತಾನೆ, ಸಂಜೆ ಅವನ ಕೈಲಿ ಸರಿಸಿ ಕಟ್ಟಿಸುತ್ತೇನೆ ಎಂದರು. ಬಾಳೆ ಕದಲಿಸಬಾರದು ಎಂದಿದ್ದರೆ ನಾನು ಸುಮ್ಮನಾಗುತ್ತಿದ್ದೆನೋ ಏನೋ. ಬಾಳೆ ಕದಲಬಹುದಿತ್ತು, ನನ್ನ ಕೈ ತಾಗಬಾರದಿತ್ತು. ಎಂಟು ತಿಂಗಳು ಮಳೆ ಗಾಳಿ ಎನ್ನದೆ ಆ ಕಂಬ ಹತ್ತಿ ಇಳಿದ ಕೈ ಇದು. ಅವತ್ತೊಂದು ದಿನ ಮಾತ್ರ ಅದು ಗಂಡ ಸತ್ತವಳ ಕೈ ಆಗಿಬಿಟ್ಟಿತು.

ಅವರ ತಾಯಿ ಗಿರಣಿಯ ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಒಳಗೆ ಅವರು ದಿನಾ ತಿರುಗಿಸುವ ಯಂತ್ರಕ್ಕೆ ಹೂವು ಏರಿಸಿ ಮಂಗಳಾರತಿ ಮಾಡಿದ್ದರು. ಇವರು ಮಾತ್ರ ಹೊರಗೆ, ಮೊರದಲ್ಲಿ ರಾಗಿ ಹಸನು ಮಾಡುತ್ತಾ.

ಇವರನ್ನೂ ಹೊರಗೇ ಕೂರಿಸಿದ್ದೀರಾ ಅಣ್ಣಾರೆ, ಈ ಗಿರಣಿ ತಿರುಗಿಸಿ ನಿಮಗೆ ಅನ್ನ ಹಾಕಿದ್ದು ಯಾರ ಕೈ ಎಂದು ಕೇಳಿದೆ. ಗಿರಣಿಯವರ ಮುಖ ಕಪ್ಪಿಟ್ಟಿತು. ತಾಯಿ ಏನಾದರೂ ಹೇಳುತ್ತಾರೆಂದು ಅವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಕಲ್ಲು ಆರಿಸುತ್ತಲೇ ಇದ್ದರು. ನಿಜ ಹೇಳುತ್ತೇನೆ, ಆಗ ಮಗನಿಗಿಂತ ಆ ತಾಯಿಯ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು.

ಗಿರಣಿಯವರ ಪಕ್ಕದಿಂದ ಸರಿದು ಮೆಟ್ಟಿಲು ಹತ್ತಿದೆ. ಅವರು ನನ್ನ ರಟ್ಟೆ ಹಿಡಿದು ಎಳೆಯುವ ಪೈಕಿ ಅಲ್ಲ, ಅದು ನನಗೆ ಗೊತ್ತಿತ್ತು. ಕಂಬ ಹತ್ತಿ ಬಾಳೆ ಬಿಚ್ಚಿ, ಡಿಶ್ಶಿನ ಹಿಂದಕ್ಕೆ ಸರಿಸಿ ಭದ್ರವಾಗಿ ಕಟ್ಟಿದೆ. ಹಾರವನ್ನೂ ಸರಿ ಮಾಡಿದೆ. ನೆಟ್ ಬಂತು. ಇಳಿದು ಬಂದಾಗ ಗಿರಣಿಯವರ ಹೆಂಡತಿ ಬಂದವರಿಗೆಲ್ಲ ಮಂಡಕ್ಕಿ, ಬಾಳೆಹಣ್ಣು ಹಂಚುತ್ತಿದ್ದರು. ನನ್ನ ಮುಂದೆ ಆ ತಟ್ಟೆ ಬರಲಿಲ್ಲ. ಗಿರಣಿಯವರು ಗೇಟಿನವರೆಗೆ ಬಂದು, ಹಬ್ಬ ಮುಗಿದ ಮೇಲೆ ನಿಮ್ಮ ಕಂಬ ತೆಗೆದುಕೊಂಡು ಹೋಗಿ ಎಂದು ಮೆಲ್ಲಗೆ ಹೇಳಿದರು. ಕೂಗಾಡಿದ್ದರೆ ವಾಸಿಯಿತ್ತು.

ಎರಡು ದಿನ ಬಡಾವಣೆಯ ಒಂದೊಂದೇ ಟೆರೇಸು ಹತ್ತಿ ನೋಡಿದೆ. ಒಂದು ಕಡೆ ಬೇವಿನ ಮರ ಅಡ್ಡ, ಇನ್ನೊಂದು ಕಡೆ ನೀರಿನ ಟ್ಯಾಂಕು ಅಡ್ಡ. ಕಂಬ ಇನ್ನಷ್ಟು ಎತ್ತರಿಸಿದರೆ ಕಾಣಬಹುದಾದ ಕಡೆ ಮನೆಯವರ ಮುಖವೇ ಅಡ್ಡ. ಅಲ್ಲೇನೋ ಗಲಾಟೆಯಾಯಿತಂತಲ್ಲ ಎನ್ನುತ್ತಿದ್ದರು. ಗಿರಣಿ ಮನೆಯ ಕಂಬ ಇಳಿದರೆ ಮೂವತ್ತೆಂಟು ಮನೆಗೂ ಕತ್ತಲು, ನಾನು ಮತ್ತೆ ಯಾರದೋ ಆಫೀಸಿನಲ್ಲಿ ಫೋನು ಎತ್ತಬೇಕು. ನನ್ನ ಅಕ್ಕ ನ್ಯಾಮತಿಯಿಂದ ಫೋನು ಮಾಡಿ, ತಪ್ಪಾಯ್ತು ಅಂತ ಒಂದು ಮಾತು ಅಂದುಬಿಡು, ನಾಲಿಗೆಯೇನೂ ಸವೆಯೋದಿಲ್ಲ ಎಂದಳು. ಏನು ತಪ್ಪಾಯಿತು ಎಂದು ಹೇಳಲಿ? ಗಂಡ ಸತ್ತದ್ದು ತಪ್ಪಾಯಿತು ಎನ್ನಲೇ? ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಅತ್ತರೂ ತಪ್ಪಾಯಿತು ಎನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಗಿರಣಿ ಮನೆಗೆ ಹೋದೆ. ಹಬ್ಬದ ಬಾಳೆಯನ್ನು ಅವರೇ ಇಳಿಸಿದ್ದರು. ಗಿರಣಿಯವರು ನನ್ನನ್ನು ನೋಡಿಯೂ ನೋಡದವರಂತೆ ತಕ್ಕಡಿಯ ಹತ್ತಿರ ಇದ್ದರು. ಟೆರೇಸಿಗೆ ಹೋಗಿ ಕೆಳಗಿನ ಕ್ಲ್ಯಾಂಪಿಗೆ ಸ್ಪ್ಯಾನರ್ ಹಾಕಿದೆ. ನಟ್ಟು ತುಕ್ಕು ಹಿಡಿದಿತ್ತು. ಒಂದು ಬಿಚ್ಚಿತು, ಎರಡನೆಯದು ಅಲುಗಾಡಿತು. ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತಾ ಬರುವ ಸದ್ದಾಯಿತು.

ಗಿರಣಿಯವರ ತಾಯಿ. ಮಂಡಿ ನೋವಿನಿಂದ ಟೆರೇಸಿನ ಮೆಟ್ಟಿಲನ್ನು ಎಷ್ಟೋ ವರ್ಷದಿಂದ ಹತ್ತದವರು. ಮೈಮೇಲೆ, ತಲೆಯ ಮೇಲೆ ಹಿಟ್ಟು ಹಾಗೇ ಇತ್ತು. ಹಿಂದೆಯೇ ಮಗ, ಅವ್ವಾ ಬೇಡ, ಬಿದ್ದುಬಿಡ್ತೀಯ ಎಂದು ಕೈ ಚಾಚಿಕೊಂಡು ಬಂದರು. ಆಕೆ ಆ ಕೈ ಹಿಡಿಯಲಿಲ್ಲ. ಟೆರೇಸಿನ ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡರು. ಸಮಾಧಾನ ಹೇಳಲು ಬಂದಿದ್ದಾರೆ ಎಂದುಕೊಂಡೆ. ಅವರ ಸಮಾಧಾನ ನನಗೆ ಬೇಕಿರಲಿಲ್ಲ, ಅದಕ್ಕೆ ತಲೆ ಎತ್ತದೆ ಸ್ಪ್ಯಾನರ್ ತಿರುಗಿಸುತ್ತಲೇ ಇದ್ದೆ.

"ಇಪ್ಪತ್ತೇಳು ವರ್ಷ ಹಬ್ಬದ ದಿನ ಹೊರಗೆ ಕುಂತೀನಿ," ಎಂದರು. "ಇವನು ಕುಂದ್ರಿಸಲಿಲ್ಲ. ಯಾರೂ ಹೇಳೋಕೆ ಮುಂಚೆ ನಾನೇ ಎದ್ದು ಹೋಗಿ ಕುಂತೆ. ಮೊನ್ನೆ ನೀನು ಕೇಳಿದಾಗ ಬಾಯಿ ಬರಲಿಲ್ಲ."

ಆಮೇಲೆ ಮಗನ ಕಡೆ ತಿರುಗಿದರು. ದನಿ ಏನೂ ಏರಿಸಲಿಲ್ಲ, ಗಿರಾಕಿಗೆ ಹಿಟ್ಟಿನ ತೂಕ ಹೇಳುವಂತೆಯೇ ಹೇಳಿದರು.

"ಈ ಮನೆ ಖಾತೆ ಇನ್ನೂ ನನ್ನ ಹೆಸರಿಗೈತೆ. ಕಂಬ ಇಲ್ಲೇ ಇರ್ತತೆ."

ಕೆಳಗೆ ಗಿರಾಕಿ ಕಾಯುತ್ತಿದ್ದಾರೆ ಎಂದು ಗಿರಣಿಯವರು ಗೊಣಗಿ ಇಳಿದು ಹೋದರು. ನಾನು ಸ್ಪ್ಯಾನರ್ ಹಿಡಿದುಕೊಂಡು ಪೆದ್ದಿಯ ಹಾಗೆ ಕೂತಿದ್ದೆ. ನಟ್ಟು ಸಡಿಲವಾಗಿದ್ದ ಪೈಪು ಗಾಳಿಗೆ ಒಂದು ಕಡೆ ವಾಲತೊಡಗಿತ್ತು. ಆಕೆ ಕಾಲೆಳೆದುಕೊಂಡು ಹತ್ತಿರ ಬಂದು, ಎರಡೂ ಕೈಯಲ್ಲಿ ಅದನ್ನು ತಬ್ಬಿ ನೆಟ್ಟಗೆ ನಿಲ್ಲಿಸಿದರು.

"ಬಿಗಿ," ಎಂದರು. "ನಾನು ಹಿಡ್ಕಂತೀನಿ."