ಪುಣೆಗೆ ಒಯ್ದ ನಾಲ್ಕು ಪ್ರತಿಗಳು

ವಿಜಾಪುರದಿಂದ ಪುಣೆಗೆ ಬೆಳಿಗ್ಗೆ ಆರರ ಬಸ್ಸು ಹಿಡಿದೆ. ತೊಂಬತ್ತರ ದಶಕದ ಕೊನೆಯ ಮಾತಿದು. ನಮ್ಮ ಕಾಲೇಜಿಗೆ ಇ-ಮೇಲ್ ಇನ್ನೂ ಬಂದಿರಲಿಲ್ಲ. ಪುಣೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯಲಿದ್ದ ಸಮ್ಮೇಳನಕ್ಕೆ ನನ್ನ ಪ್ರಬಂಧದ ನಾಲ್ಕು ಪ್ರತಿ ಮುಟ್ಟಿಸಬೇಕಿತ್ತು. ಮರುದಿನ ಮಧ್ಯಾಹ್ನ ಒಂದು ಗಂಟೆಯೇ ಕೊನೆ. ಅಂಚೆಯನ್ನು ನಂಬದೆ ನಾನೇ ಹೊರಟಿದ್ದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪ್ರತಿಗಳನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತೆ.

ಪ್ರಬಂಧ ಏನೆಂದು ಹೇಳಿಬಿಡುತ್ತೇನೆ. ಒಂದು ದೊಡ್ಡ ಲೆಕ್ಕವನ್ನು ಐದು ಕಂಪ್ಯೂಟರುಗಳಿಗೆ ಹಂಚಿಕೊಡುವುದು. ನಡುವೆ ಒಂದು ಬಂದ್ ಬಿದ್ದರೆ ಉಳಿದ ನಾಲ್ಕು ಅದರ ಪಾಲನ್ನೂ ಮಾಡಿ ಮುಗಿಸುವುದು. ಹೀಗೆ ಮಾಡಿದರೂ ತಡ ಆಗುವುದೇ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ನನ್ನ ವಾದ. ಎರಡು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಸಂಜೆ ಐದೂ ಕಂಪ್ಯೂಟರಿಗೆ ಲೆಕ್ಕ ಹಚ್ಚಿ, ಬೇಕೆಂದೇ ನಾಲ್ಕನೇ ಕಂಪ್ಯೂಟರ್ ಬಂದ್ ಮಾಡಿ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಬಂದು ಫಲಿತಾಂಶ ನೋಡಿದರೆ, ಆಹಾ, ಏನು ಚಂದ! ನನಗೆ ನಲವತ್ತೆರಡು ತುಂಬಿತ್ತು, ಹೆಸರಿಗೆ ಒಂದೂ ಪ್ರಬಂಧ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ "ಏನ್ರೀ ಸಂಶೋಧಕರ" ಎಂದು ಕಿಚಾಯಿಸುವವರ ಬಾಯಿ ಮುಚ್ಚಿಸಬೇಕೆಂಬ ಹಟವಿತ್ತು.

ಸೊಲ್ಲಾಪುರದಲ್ಲಿ ಚಹಾ, ಇಂದಾಪುರದ ಹತ್ತಿರ ಝುಣಕಾ ಭಾಕರಿಯ ಊಟ. ನಾಲ್ಕಕ್ಕೆ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣ ಮುಟ್ಟಿದೆವು. ಅಲ್ಲಿಂದ ಊರಂಚಿನ ನಿಗಡಿಗೆ ಸಿಟಿ ಬಸ್ಸಿನಲ್ಲಿ ಒಂದೂವರೆ ತಾಸು ನಿಂತೇ ಹೋದೆ. ನಮ್ಮ ಲ್ಯಾಬಿನ ಜವಾನ ಮಲ್ಲಪ್ಪನ ಮಗಳು ರೇಣುಕಾ ಅಲ್ಲಿರುತ್ತಿದ್ದಳು. ಅವಳ ಗಂಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. "ಲಾಜಿನಾಗ ಯಾಕ ಇಳೀತೀರಿ ಸರ, ನಮ್ಮ ರೇಣುಕಾನ ಮನಿ ಅದಲ್ಲ" ಎಂದು ಮಲ್ಲಪ್ಪ ವಿಳಾಸದ ಜೊತೆ ಮಗಳಿಗೆಂದು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟಿದ್ದ.

ರೇಣುಕಾ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸುತ್ತ ಕೇಳಿದಳು, "ಸರ, ನಿಮ್ಮ ನಾಲ್ಕನೇದು ಈಗರೆ ಸುಧಾರಿಸ್ಯದೇನ್ರಿ?"

"ಯಾವ ನಾಲ್ಕನೇದವ್ವಾ?"

"ಕಂಪ್ಯೂಟರ್ ರೀ! ದಿನಾ ಸಂಜಿಕೆ ಅದೊಂದು ಬಂದ್ ಬಿದ್ದಿರತದಂತ. ಅಪ್ಪ ಬೀಗ ಹಾಕೋ ಮುಂದ ಚಾಲೂ ಮಾಡಿ ಬರತಾನಂತ. 'ಸರ ಮರತು ಹೋಗಿರತಾರ, ಅವರ ಕೆಲಸ ನಿಲ್ಲಬಾರದು' ಅಂತಾನ್ರಿ. ಮರತದ್ದು ತಿಳದ್ರ ನಿಮಗ ಕೆಟ್ಟ ಅನಸ್ತದಂತ ಮುಂಜಾನೆ ಕಸಾ ಹೊಡಿಯೋ ಮುಂದ ಮತ್ತ ಬಂದ್ ಮಾಡ್ತಾನಂತ."

ಚಾಲೂ ಆದೊಡನೆ ತಾನಾಗಿಯೇ ಲೆಕ್ಕಕ್ಕೆ ಸೇರಿಕೊಳ್ಳುವಂತೆ ಆ ಕಂಪ್ಯೂಟರನ್ನು ಸಜ್ಜು ಮಾಡಿದವನು ನಾನೇ. ಎರಡು ವರ್ಷ ನಾಲ್ಕೇ ದುಡಿದವು ಎಂದುಕೊಂಡಿದ್ದೆ, ಐದೂ ದುಡಿದಿದ್ದವು. ತಡ ಎಲ್ಲಿಂದ ಆಗಬೇಕು? ಅದನ್ನು ಮುಟ್ಟಬೇಡಪ್ಪಾ ಎಂದು ಮಲ್ಲಪ್ಪನಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಜವಾನನಿಗೇನು ಹೇಳುವುದು ಎಂಬ ಸೊಕ್ಕು ನನಗೆ. ರೇಣುಕಾ ಇನ್ನೊಂದು ರೊಟ್ಟಿ ಹಾಕಲು ಬಂದಳು, ಸಾಕೆಂದು ಕೈ ತೊಳೆದೆ.

ಮರುದಿನ ತುಂತುರು ಮಳೆ. ವಾಪಸ್ ಹೋಗಿಬಿಡಲೇ ಎಂದು ದಾರಿಯಲ್ಲಿ ಹತ್ತು ಸಲ ಅಂದುಕೊಂಡೆ. ಪರೀಕ್ಷಿಸುವವರು ದೊಡ್ಡವರು, ತಪ್ಪಿದ್ದರೆ ಅವರೇ ಹಿಡಿಯುತ್ತಾರೆ ಎಂದು ಹನ್ನೊಂದನೆಯ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡು ಆ ಕಾಲೇಜಿದ್ದ ಶಿವಾಜಿನಗರದಲ್ಲಿ ಇಳಿದೆ. ಸಮ್ಮೇಳನದ ಆಫೀಸಿನ ಗುಮಾಸ್ತ "ಬಸಾ, ಬಸಾ" ಎಂದು ಮರಾಠಿಯಲ್ಲಿ ಹೇಳಿ ಕೂಡಲು ಬೆಂಚು ತೋರಿಸಿದ. ಅಲ್ಲಿ ಆಗಲೇ ಒಬ್ಬ ಹುಡುಗಿ ತನ್ನ ಪ್ರತಿಗಳನ್ನು ಹಿಡಿದು ಕೂತಿದ್ದಳು. ನನ್ನ ಪ್ರಬಂಧದ ಮೇಲಿದ್ದ ಊರಿನ ಹೆಸರು ನೋಡಿ ಮುಖ ಅರಳಿಸಿದಳು.

"ವಿಜಾಪುರದವ್ರೇನ್ರಿ ಸರ? ನಾನು ಸುನಂದಾ ಅಂತ, ಗುಲಬರ್ಗಾ ಕಡೆಯವ್ರು ನಾವು. ಈಗ ಇಲ್ಲೇ ಪುಣೆದಾಗ ಧನಕವಡಿಯೊಳಗ ಮನಿ, ಅಲ್ಲೇ ಕಾಲೇಜಿನ್ಯಾಗ ಕಲಸ್ತೀನಿ."

ಅವಳದೂ ಅದೇ ವಿಷಯ. ನೋಡಲೇನ್ರಿ ಎಂದು ನನ್ನ ಪ್ರತಿ ತೆಗೆದುಕೊಂಡು ಓದಿದಳು. ಗ್ರಾಫ್ ಇದ್ದ ಪುಟದಲ್ಲಿ ಅವಳ ಬೆರಳು ನಿಂತಿತು, ಮುಖ ಸಣ್ಣದಾಯಿತು.

"ನಮ್ಮಲ್ಲಿ ಒಂದು ಬಂದ್ ಬಿದ್ರ ಭಾಳ ತಡ ಆಗ್ತದ್ರಿ ಸರ. ಈ ವಿಧಾನ ನಂಬಬ್ಯಾಡ್ರಿ ಅಂತನ ನಾನು ಬರದೀನಿ. ನಮ್ಮ ವಿಭಾಗದ ಹೆಡ್ಡು 'ನಿನ್ನ ಪ್ರಯೋಗನ ತಪ್ಪದ, ಕಾಲೇಜಿನ ಮರ್ಯಾದಿ ಕಳೀಬ್ಯಾಡ' ಅಂದ್ರು. ನಾ ಹಟ ಮಾಡಿ ತಂದೆ. ಈಗ ನೋಡಿದ್ರ ಅವರು ಅಂದದ್ದು ಖರೆ ಅನಸ್ತದ."

'ಇಲ್ಲವ್ವಾ, ನಿಂದೇ ಖರೆ.' ಇಷ್ಟೇ ಹೇಳಬೇಕಿತ್ತು. "ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡ್ರಿ" ಅಂದೆ. ಥೂ, ನನ್ನ ಬಾಯಿಗೆ ಮಣ್ಣು ಬೀಳಲಿ! ಗುಮಾಸ್ತ ಕರೆದಾಗ ಸುನಂದಾ ಕೊಡುವುದಿಲ್ಲವೆಂದು ತಲೆ ಅಲ್ಲಾಡಿಸಿ ತನ್ನ ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡಳು. ನಾನು ಎದ್ದು ನನ್ನ ನಾಲ್ಕು ಪ್ರತಿ ಕೊಟ್ಟೆ. ಗುಮಾಸ್ತ ಠಸ್ಸೆ ಒತ್ತಿ ಪಾವತಿ ಕೊಟ್ಟ.

ಸ್ವಾರಗೇಟಿಗೆ ಹೋಗುವ ಬಸ್ಸು ನನಗೆ ಗೊತ್ತಾಗಲಿಕ್ಕಿಲ್ಲವೆಂದು ಅವಳೇ ಜೊತೆಗೆ ಬಂದಳು, ಬೇಡವೆಂದರೂ ಕೇಳದೆ ನನ್ನ ಟಿಕೆಟನ್ನೂ ತೆಗೆಸಿದಳು. "ಲೆಕ್ಕ ಮುಗಿಯೂ ತನಕ ನಾ ಅದರ ಮುಂದಿಂದ ಎದ್ದಿದ್ದೇ ಇಲ್ರಿ ಸರ. ಊಟದ ಡಬ್ಬಿನೂ ಅಲ್ಲೇ. ಆದ್ರೂ ಎಲ್ಲಿ ತಪ್ಪಿದೆ ಅಂತ ತಿಳೀವಲ್ದು" ಅಂದಳು. ಅರ್ಧ ತಾಸಿನ ದಾರಿ. ಮುಂದಿನ ಸ್ಟಾಪಿನಲ್ಲಿ ಹೇಳುತ್ತೇನೆ, ಅದರ ಮುಂದಿನದರಲ್ಲಿ ಹೇಳುತ್ತೇನೆ ಎನ್ನುತ್ತಲೇ ಸ್ವಾರಗೇಟ್ ಬಂದುಬಿಟ್ಟಿತು.

ವಿಜಾಪುರದ ಬಸ್ಸು ಹೊರಡಲು ನಿಂತಿತ್ತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸುನಂದಾ ಉಪ್ಪು ಖಾರ ಹಚ್ಚಿಸಿದ ಪೇರಲ ಹಣ್ಣು ಕೊಂಡು ತಂದು ಕಿಟಕಿಯಿಂದ ಕೊಟ್ಟಳು. ಜೊತೆಗೆ ವಿಳಾಸ ಬರೆದ ಒಂದು ಚೀಟಿ.

"ನೀವು ಹೆಂಗ ಮಾಡಿದ್ರಿ ಅಂತ ಒಂದು ಪತ್ರ ಬರೀರಿ ಸರ. ನನ್ನ ತಪ್ಪು ಎಲ್ಲಿ ಅದ ಅಂತ ತಿಳದ್ರ ಸಾಕು ನನಗ."

"ಬರೀತೀನಿ" ಅಂದೆ. ಮುಂದೆ ಪ್ರಬಂಧ ಅಚ್ಚಾಯಿತು, ನನಗೆ ಬಡ್ತಿಯೂ ಆಯಿತು. ಪತ್ರ ಬರೆಯಲಿಲ್ಲ.

ಅಂದು ಬಸ್ಸು ಹೊರಳುವಾಗ ತಿರುಗಿ ನೋಡಿದೆ. ತುಂತುರಿನಲ್ಲಿ ಅವಳು ಕೈ ಬೀಸುತ್ತ ನಿಂತಿದ್ದಳು. ಆ ಪ್ರತಿಗಳು ನೆನೆಯಬಾರದೆಂದು ಚೀಲವನ್ನು ಸೆರಗಿನೊಳಗೆ ಮುಚ್ಚಿ ಹಿಡಿದುಕೊಂಡಿದ್ದಳು.