ಕೇಳಿಸದೆ ಹೋದ ಮೂರು ಕೂಗು

ಓಬಳೇಶಣ್ಣ, ಅವತ್ತು ನೀನು ತಡ ಮಾಡಲಿಲ್ಲ. ಸರಿಯಾದ ಹೊತ್ತಿಗೇ ಕೂಗಿದ್ದೆ — ನಾಲ್ಕು ಸಲ ಕೂಗಿದ್ದೆ. ಮೊದಲ ಮೂರು ಕೂಗು ಯಾರಿಗೂ ಕೇಳಿಸದಂತೆ ಮಾಡಿದವನು ನಾನು. ಇದು ನನಗೆ ಅವತ್ತೇ ಗೊತ್ತಿತ್ತು. ಎಂಟು ವರ್ಷದಿಂದ ಗೊತ್ತಿದೆ.

ಅಂತೂ ಬರೆದೆ. ಇಷ್ಟು ಬರೆಯುವುದಕ್ಕೆ ಒಂದು ವಾರ ಹಿಡಿಯಿತು. ಮಗಳ ನೋಟ್‌ಬುಕ್ಕಿನಿಂದ ಎಷ್ಟು ಹಾಳೆ ಹರಿದೆನೋ — "ಅಪ್ಪಾ, ನೀನೇನು ಪರೀಕ್ಷೆ ಬರೀತಿದ್ದೀಯಾ?" ಅಂತ ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಇದನ್ನು ನೀನೊಬ್ಬನೇ ಓದಿದರೆ ಸಾಲದು. ನಿನ್ನ ತಂಗಿ ನಾಗಕ್ಕನಿಗೂ ತಿಳಿಯಬೇಕು. ನಮ್ಮ ಕೆಲಸವನ್ನು ಕಣ್ಣಲ್ಲಿ ಕಾಣದವರಿಗೂ ಅರ್ಥವಾಗಬೇಕು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮೊಳಕಾಲ್ಮೂರು ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದ ಕಾಲ ಅದು. ಊರಿನವರು ಅದನ್ನು ಫ್ಯಾನು ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಫ್ಯಾನಿನ ಒಂದೊಂದು ರೆಕ್ಕೆಯೂ ನಾಲ್ಕೈದು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಅದನ್ನು ಹೊತ್ತ ಟ್ರೈಲರ್ ಚಳ್ಳಕೆರೆ ದಾಟಿ ನಿಧಾನಕ್ಕೆ ಬರುವಾಗ ಮುಂದೊಂದು ಜೀಪು, ಹಿಂದೊಂದು ಜೀಪು. ಮುಂದಿನದು ನನ್ನದು — ಎದುರು ಬರುವ ಬಸ್ಸು, ಟ್ರ್ಯಾಕ್ಟರು, ಕುರಿ ಹಿಂಡು ತಡೆದು ದಾರಿ ಬಿಡಿಸುವುದು. ಹಿಂದಿನದು ನಿನ್ನದು — ರೆಕ್ಕೆಯ ಬಾಲ ಕಾಯುವುದು. ತಿರುವಿನಲ್ಲಿ ಗಾಡಿಯ ತಲೆ ಎಡಕ್ಕೆ ಹೋದರೆ ಬಾಲ ಬಲಕ್ಕೆ ಬೀಸುತ್ತದೆ. ಟ್ರೈಲರ್ ಡ್ರೈವರಿಗೆ ಅದು ಕಾಣುವುದಿಲ್ಲ. ನೀನು ನೋಡಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನು ಪಾಲಯ್ಯ, ನಾಗಕ್ಕನ ಗಂಡ, ಉದ್ದನೆಯ ಕೋಲು ಹಿಡಿದು ಗಾಡಿಯ ಪಕ್ಕದಲ್ಲೇ ನಡೆಯುತ್ತ ಅಡ್ಡ ಬಂದ ತಂತಿಗಳನ್ನು ಎತ್ತಿ ಹಿಡಿಯುತ್ತಿದ್ದ. ಕುರಿಯೆಲ್ಲ ಮಾರಿ ಖಾಲಿ ಕೂತಿದ್ದವನನ್ನು ನೀನೇ ಈ ಕೆಲಸಕ್ಕೆ ಸೇರಿಸಿದ್ದೆ.

ಮೂರು ಗಾಡಿಗೂ ಒಂದೊಂದು ವೈರ್‌ಲೆಸ್ ಸೆಟ್ಟು. ಡ್ಯಾಶ್‌ಬೋರ್ಡಿಗೆ ಬಿಗಿದ ಪೆಟ್ಟಿಗೆ, ಸುರುಳಿ ವೈರಿನ ಮೈಕು, ಮೈಕಿನ ಪಕ್ಕದಲ್ಲೊಂದು ಗುಂಡಿ. ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಬೇರೆಯವರ ಮಾತು ಬರುತ್ತದೆ. ಫೋನಿನ ಹಾಗೆ ಎಲ್ಲರೂ ಒಟ್ಟಿಗೆ ಮಾತಾಡಲು ಆಗುವುದಿಲ್ಲ. ಒಬ್ಬ ಗುಂಡಿ ಒತ್ತಿಕೊಂಡೇ ಇದ್ದರೆ ಉಳಿದವರ ಮಾತಿಗೆ ದಾರಿಯಿಲ್ಲ. ಒತ್ತಿದವನಿಗಂತೂ ಏನೂ ಕೇಳಿಸುವುದಿಲ್ಲ.

ಇದನ್ನೆಲ್ಲ ನನಗೆ ಕಲಿಸಿದವನು ನೀನು. ಪರಶುರಾಂಪುರದಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ ನನಗೆ ಸೆಟ್ಟೆಂದರೆ ಏನೆಂದೇ ಗೊತ್ತಿರಲಿಲ್ಲ. ಮೊದಲ ದಿನವೇ ಬೈದಿದ್ದೆ, ನೆನಪಿದೆಯಾ? "ಲೇ ರುದ್ರೇಶ, ಮಾತಾಡಿದ ತಕ್ಷಣ ಮೈಕು ಕೊಕ್ಕೆಗೆ ಹಾಕಲೇ. ಸೀಟಿನ ಮ್ಯಾಲೆ ಬಿಸಾಕಬ್ಯಾಡ. ಗುಂಡಿ ಮ್ಯಾಲೆ ಭಾರ ಬಿತ್ತು ಅಂದ್ರೆ ಎಲ್ರ ಬಾಯಿ ಮುಚ್ಚಿಸ್ದಂಗೆ." ಇನ್ನೂ ಹೇಳಿದ್ದೆ — ಗಾಡಿ ಓಡುವಾಗ ಸೆಟ್ಟಿನಲ್ಲಿ ಉದ್ದ ಪುರಾಣ ಬೇಡ, ಜೀಪಿನ ಮೇಲಿನ ಏರಿಯಲ್ ಕಡ್ಡಿಯ ಹತ್ತಿರ ಯಾರಾದರೂ ನಿಂತಿದ್ದರೆ ಗುಂಡಿ ಮುಟ್ಟಬೇಡ, ಮಾತಾಡುವ ಮುಂಚೆ ಒಂದು ಉಸಿರು ಸುಮ್ಮನಿದ್ದು ಕೇಳು. ನಾನು ನಿನ್ನ ಬೆನ್ನ ಹಿಂದೆ 'ಹೆಡ್‌ಮೇಷ್ಟ್ರು' ಅನ್ನುತ್ತಿದ್ದೆ. ಪಾಲಯ್ಯನೂ ನಗುತ್ತಿದ್ದ. ನಿನಗೆ ಅದು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇರುತ್ತಿದ್ದೆ.

ಆ ಕೊಕ್ಕೆಯಲ್ಲಿ ಅವತ್ತು ಮೈಕು ಇರಲಿಲ್ಲ. ನನ್ನ ಕೂಲಿಂಗ್ ಗ್ಲಾಸ್ ಇತ್ತು.

ಹೌದು, ಅಷ್ಟೇ. ಮದುವೆಯಾದ ಹೊಸತು, ಬಳ್ಳಾರಿಗೆ ಹೋದಾಗ ಹೆಂಡತಿ ಆರಿಸಿ ಕೊಡಿಸಿದ್ದು. ಬಿಸಿಲಿಗೆ ಹಾಕಿಕೊಳ್ಳಬೇಕಾದದ್ದನ್ನು ಗೀರು ಬಿದ್ದೀತೆಂದು ಕೊಕ್ಕೆಗೆ ನೇತುಹಾಕಿ ನೋಡುತ್ತ ಕೂರುವ ಶೋಕಿ ನನ್ನದು. ಕೊಕ್ಕೆ ಮುರಿದಿತ್ತು, ಸೆಟ್ಟು ಕೆಟ್ಟಿತ್ತು ಎಂದು ಹೇಳುವ ಹಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಏನೂ ಕೆಟ್ಟಿರಲಿಲ್ಲ.

ಮಟಮಟ ಮಧ್ಯಾಹ್ನ. ರಾಂಪುರದ ರಸ್ತೆ ಬಿಟ್ಟು ಗುಡ್ಡದ ಕಡೆಗೆ ಎಡಕ್ಕೆ ತಿರುಗುವ ಮಣ್ಣುರಸ್ತೆ. ತಿರುವಿನ ಬಲಕ್ಕೆ ಒಂದು ಕಲ್ಲಿನ ಕಾಂಪೌಂಡು. ನಾನು ಮುಂದೆ ಹೋಗಿ ಮಣ್ಣುರಸ್ತೆಯಲ್ಲಿ ಜೀಪು ನಿಲ್ಲಿಸಿ, ಇಂಜಿನ್ ಆರಿಸದೆ, ಮೈಕು ತೆಗೆದುಕೊಂಡು "ಮುಂದ್ಲದು ಕ್ಲಿಯರ್, ಬಾರಣ್ಣ" ಅಂದೆ. ಟ್ರೈಲರ್ ಡ್ರೈವರು ಉತ್ತರ ಭಾರತದ ಕಡೆಯವನು, ಕನ್ನಡದಲ್ಲಿ ಅವನಿಗೆ ಗೊತ್ತಿದ್ದದ್ದು 'ಬಾ', 'ನಿಲ್ಸು' ಎರಡೇ. ಗಾಡಿ ತಿರುಗತೊಡಗಿತು. ನಾನು ಮೈಕನ್ನು ಸೀಟಿನ ಮೇಲೆ ಹಾಕಿ, ಹಿಂದಕ್ಕೆ ನೋಡಲೆಂದು ಒಂದು ಕಾಲು ಮಡಚಿ ಅದರ ಮೇಲೆ ಕೂತೆ.

ಆಮೇಲೆ ಸೆಟ್ಟು ಸುಮ್ಮನಾಯಿತು. ಬಾಲ ಸರಿಯಾಗಿ ಬರುತ್ತಿದ್ದಾಗ ನೀನು ಮಾತಾಡುವವನಲ್ಲ. ನೀನು ಸುಮ್ಮನಿದ್ದೀಯೆಂದರೆ ಎಲ್ಲ ಸರಿಯಿದೆ ಎಂದೇ ನಾನು ತಿಳಿದೆ. ಎಷ್ಟು ಚೆನ್ನಾಗಿ ತಿರುಗಿಸುತ್ತಿದ್ದಾನೆ ಈ ಡ್ರೈವರು ಎಂದು ಮೆಚ್ಚಿಕೊಂಡು ನೋಡುತ್ತಿದ್ದೆ — ನನಗೆ ಕಾಣುತ್ತಿದ್ದದ್ದು ಗಾಡಿಯ ಮುಖ ಮಾತ್ರ. ಅತ್ತ ಪಾಲಯ್ಯ ಒಂದು ತಂತಿ ಎತ್ತಿ ಬಿಟ್ಟು, ಕೋಲು ಹೆಗಲಿಗೇರಿಸಿ, ಕಾಂಪೌಂಡಿನ ಪಕ್ಕದಿಂದ ಬರುತ್ತಿದ್ದ. ಬಾಲ ಅವನತ್ತ ಬೀಸುವುದನ್ನು ನೀನು ನೋಡಿದ್ದೆ. ಕೂಗಿದ್ದೆ. ಮತ್ತೆ ಕೂಗಿದ್ದೆ. ಮತ್ತೆ —

ರಸ್ತೆಯಲ್ಲಿ ಯಾರೋ ಹೆಂಗಸು ಕಿರುಚಿದ್ದು ಕೇಳಿ ನಾನು ಧಡಕ್ಕನೆ ತಿರುಗಿದೆ. ಆಗ ಸೆಟ್ಟಿನ ಕಡೆ ಕಣ್ಣು ಹೋಯಿತು. ಗುಂಡಿ ಒತ್ತಿದಾಗ ಮಾತ್ರ ಹತ್ತುವ ಕೆಂಪು ದೀಪ ಉರಿಯುತ್ತಿತ್ತು. ನಾನು ತೊಡೆ ಎತ್ತಿದೆ, ದೀಪ ಆರಿತು. ಆರಿದ ಮರುಗಳಿಗೆಯೇ ನಿನ್ನ ದನಿ ನುಗ್ಗಿ ಬಂತು — "ನಿಲ್ಸೋ! ನಿಲ್ಸಪ್ಪೋ, ಪಾಲಯ್ಯ ಅವ್ನೆ —"

ಟ್ರೈಲರ್ ಬುಸ್ಸೆಂದು ನಿಂತಿತು. ಅಷ್ಟರಲ್ಲಿ ರೆಕ್ಕೆಗೂ ಕಲ್ಲಿಗೂ ನಡುವೆ ಪಾಲಯ್ಯ ಸಿಕ್ಕಿದ್ದ. ಅದಕ್ಕಿಂತ ಹೆಚ್ಚು ಬರೆಯಲಾರೆ, ನಾಗಕ್ಕ ಓದುತ್ತಾಳೆ.

ಆದರೆ ಇನ್ನೊಂದನ್ನು ಬರೆಯಲೇಬೇಕು. ನೀನು ಜೀಪಿನಿಂದ ಹಾರಿ ಅವನ ಕಡೆ ಓಡುತ್ತಿದ್ದಾಗ ನಾನೇನು ಮಾಡುತ್ತಿದ್ದೆ ಗೊತ್ತೇ? ಕೊಕ್ಕೆಯಿಂದ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಮೈಕನ್ನು ಕೊಕ್ಕೆಗೆ ಸಿಕ್ಕಿಸಿದೆ. ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಅಲುಗಿಸಿಯೂ ನೋಡಿದೆ. ಆಮೇಲೆ ಇಳಿದೆ. ಗುಂಡಿ ಒತ್ತಿದ್ದು ಗೊತ್ತಿಲ್ಲದೆ ಆದದ್ದು, ಒಪ್ಪಿಕೊಳ್ಳುತ್ತೇನೆ. ಇದು ಗೊತ್ತಿದ್ದೇ ಮಾಡಿದ್ದು. ಅಲ್ಲೊಂದು ಜೀವ ಹೋಗುತ್ತಿತ್ತು, ನಾನು ಕೊಕ್ಕೆ ಸರಿಮಾಡುತ್ತಿದ್ದೆ.

ಎರಡು ದಿನ ಬಿಟ್ಟು ಸಾಗಣೆ ಕಂಪನಿಯವರು ನಮ್ಮನ್ನು ಕೂರಿಸಿ ಕೇಳಿದರು. ಅಷ್ಟರಲ್ಲಿ ಮೂರೂ ಸೆಟ್ಟು ಪರೀಕ್ಷೆ ಮಾಡಿಸಿದ್ದರು, ಮೂರೂ ಸರಿಯಿದ್ದವು. ಟ್ರೈಲರ್ ಡ್ರೈವರು ಇದ್ದದ್ದನ್ನು ಇದ್ದ ಹಾಗೆ ಹಿಂದಿಯಲ್ಲಿ ಹೇಳಿದ — ಕೂಗು ಬಂತು, ನಿಲ್ಲಿಸಿದೆ, ಆದರೆ ಕೂಗು ಬಂದದ್ದೇ ತಡವಾಗಿ. ಅದಕ್ಕೆ ಮುಂಚೆ ಸೆಟ್ಟಿನಲ್ಲಿ ಬರೀ ಗರ್ರೆನ್ನುವ ಸದ್ದಿತ್ತು ಅಂದ. ದಾರಿಯಲ್ಲಿ ಅದೆಲ್ಲ ಇದ್ದದ್ದೇ ಎಂದು ಸಾಹೇಬರು ಬರೆದುಕೊಳ್ಳಲಿಲ್ಲ. ಅದು ನನ್ನ ಜೀಪಿನ ಇಂಜಿನ್ ಸದ್ದು, ಅಣ್ಣ. ನನ್ನ ತೊಡೆಯಡಿಯ ಮೈಕಿನಿಂದ ಹೋಗುತ್ತಿದ್ದದ್ದು.

ನೀನು ಎದ್ದು ನಿಂತು ಹೇಳಿದೆ. "ನಾಕು ಸತಿ ಕೂಗಿದೀನಿ ಸಾರ್. ನಮ್ಮ ಪಾಲಯ್ಯ ಸಾರ್ ಅವ್ನು, ನೋಡ್ಕಂಡು ಸುಮ್ಕಿರ್ತೀನಾ? ರುದ್ರೇಶನ್ನ ಕೇಳ್ರಿ, ಅವ್ನ ಸೆಟ್ಟಿಗೂ ಬಂದಿರ್ತೈತೆ."

ಸಾಹೇಬರು ನನ್ನ ಕಡೆ ತಿರುಗಿದರು. ನೀನೂ ತಿರುಗಿದೆ. ಆ ನೋಟ ನನಗೆ ಈಗಲೂ — ನನ್ನ ಹುಡುಗ ಹೇಳ್ತಾನೆ ಬಿಡಿ ಅನ್ನುವಂಥ ನೋಟ ಅದು.

"ಇಲ್ಲ ಸಾರ್," ಅಂದೆ. "ನಂಗೆ ಕೇಳ್ಸಿದ್ದು ಒಂದೇ ಕೂಗು. ಅದೂ ಲೇಟಾಗಿ."

ಸುಳ್ಳೆಂದು ಯಾರೂ ಹಿಡಿಯಲಾಗದ ಮಾತು. ಕೇಳಿಸಿದ್ದು ಒಂದೇ, ನಿಜ. ಯಾಕೆ ಒಂದೇ ಕೇಳಿಸಿತು ಎಂಬುದನ್ನು ಅವರು ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ. ಎಷ್ಟೋ ದಿನ ಆ ನಿಜವನ್ನೇ ಜಪಿಸಿಕೊಂಡು ಊಟ ಮಾಡಿದೆ, ಮಲಗಿದೆ. ಥೂ.

ನೀನು ಬಾಲ ಕಾಯದೆ ಫೋನು ನೋಡುತ್ತ ಕೂತಿದ್ದೆ ಎಂದು ಕಂಪನಿಯವರು ಬರೆದರು. ಕೆಲಸ ಹೋಯಿತು. ಅದು ಹೋದರೆ ಹೋಗಲಿ, ಇನ್ನೊಂದು ಸಿಗುತ್ತಿತ್ತು. ಆದರೆ ಅದಕ್ಕೂ ಮುಂಚೆ, ಪಾಲಯ್ಯನನ್ನು ಮಣ್ಣು ಮಾಡಿದ ದಿನ, ಕೂಗು ತಡವಾಯಿತೆಂಬ ಸುದ್ದಿ ಕೇಳಿ ನಾಗಕ್ಕ ನಿನ್ನ ಎದೆಗೆ ಗುದ್ದಿ ಅತ್ತದ್ದು — "ಅಣ್ಣ ಅವ್ನೆ ಅಂತ ನಂಬಿ ಕಳಿಸಿದ್ನಲ್ಲೋ! ಒಂದು ಕೂಗು ಮುಂಚೆ ಹಾಕಾಕೆ ಏನಾಗಿತ್ತೋ ನಿನ್ ಬಾಯಿಗೆ?" ನೀನು ಅವಳ ಕೈ ತಡೆಯಲಿಲ್ಲ. ನಾನು ನಿನ್ನಿಂದ ಒಂದು ಮಾರು ದೂರದಲ್ಲಿದ್ದೆ. ಒಂದೇ ಮಾರು. ಕೈ ಎತ್ತಿ 'ತಪ್ಪು ನನ್ನದು' ಅಂದಿದ್ದರೆ ಸಾಕಿತ್ತು.

ಅವತ್ತಿನಿಂದ ಅವಳು ನಿನ್ನ ಹೊಸಿಲು ತುಳಿದಿಲ್ಲ, ನಿನ್ನನ್ನು ತುಳಿಯಗೊಟ್ಟಿಲ್ಲ. ನಿನ್ನ ಮಗಳ ಮದುವೆಯಲ್ಲಿ ಸೋದರತ್ತೆ ನಿಲ್ಲಬೇಕಾದ ಜಾಗದಲ್ಲಿ ಯಾರೋ ದೂರದ ಹೆಂಗಸನ್ನು ಕರೆದು ನಿಲ್ಲಿಸಿದರು. ನೀನು ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದೆ. ನಾನು ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದೆ. "ರುದ್ರೇಶ ಮನೆ ಮಗ ಇದ್ದಂಗೆ" ಅಂತ ನಿನ್ನ ಹೆಂಡತಿ ಎಲ್ಲರೆದುರು ಹೊಗಳಿದರು. ನಾನು ಜಗ್ಗು ಹಿಡಿದು ಮುಂದಿನ ಲೋಟಕ್ಕೆ ನೀರು ಹಾಕಿದೆ.

ಈಗ ನಾನೇನು ಮಾಡುತ್ತಿದ್ದೇನೆ ಗೊತ್ತಲ್ಲ? ಹೊಸದಾಗಿ ಸೇರುವ ಡ್ರೈವರುಗಳಿಗೆ ಸೆಟ್ಟು ಬಳಸುವುದನ್ನು ಕಲಿಸುತ್ತೇನೆ. ನಾನು! ನಿನ್ನ ಮಾತುಗಳನ್ನೇ ಒಂದಕ್ಷರ ಬಿಡದೆ ಹೇಳುತ್ತೇನೆ — ಮಾತಾಡಿದ ತಕ್ಷಣ ಮೈಕು ಕೊಕ್ಕೆಗೆ. ಹೋದ ತಿಂಗಳು ರಾಯದುರ್ಗದ ಕಡೆಯಿಂದ ಒಬ್ಬ ಡ್ರೈವರು ಬಂದಿದ್ದ, ನನಗಿಂತ ಹಿರಿಯ, ನಲವತ್ತೈದು ದಾಟಿದವನು. ಗುಂಡಿಯ ಮೇಲೆ ಹೆಬ್ಬೆರಳಿಟ್ಟು ತೆಲುಗಿನಲ್ಲಿ ಕೇಳಿದ, "ಇದಿ ನೊಕ್ಕೇ ಉಂಟೇ ಏಮವುತುಂದಿ ಸಾರ್?" ಇದು ಒತ್ತಿಕೊಂಡೇ ಇದ್ದರೆ ಏನಾಗುತ್ತದೆ ಅಂತ. ಬರೀ ಪಾಠದ ಪ್ರಶ್ನೆ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿ ಜೀಪಿನ ಹಿಂದೆ ನಿಂತು ಅತ್ತೆ.

ಅದಾದ ಸೋಮವಾರ ಚಳ್ಳಕೆರೆಯಲ್ಲಿ ನಿನ್ನ ಪಂಚರ್ ಅಂಗಡಿಗೆ ಬಂದೆನಲ್ಲ, ಹೇಳಲೆಂದೇ ಬಂದಿದ್ದೆ. ನೀನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದೆ. ನನ್ನನ್ನು ಕಂಡು ಚಹಾ ತರಿಸಿದೆ. ಪಾಲಯ್ಯನ ಮಾತು ನಾನೇ ಎತ್ತಿದೆ. ನೀನು ತಲೆ ಎತ್ತಲಿಲ್ಲ.

"ನಾನೇ ತಡ ಮಾಡಿದ್ನೇನೋ ಕಣೋ ರುದ್ರೇಶ. ನಾಕು ಸತಿ ಕೂಗ್ದೆ ಅಂತ ಅನ್ಕಂಡಿದ್ದೆ. ಈಗ ಸರಿಯಾಗಿ ನೆಪ್ಪೇ ಆಗಲ್ಲ. ನಾಗಿ ಹೇಳೋದೇ ದಿಟ ಇರ್ಬೇಕು. ಬರೀ ಬಾಯಿ ತೆಗ್ದು ನಿಂತ್ಕಂಡಿದ್ನೇನೋ."

ನಿನ್ನ ಕೆಲಸ ಕಳೆದೆ, ನಿನ್ನಿಂದ ತಂಗಿಯನ್ನು ದೂರ ಮಾಡಿದೆ — ಅಷ್ಟು ಮಾತ್ರ ಅಂದುಕೊಂಡಿದ್ದೆ. ನಿನ್ನ ಕೈಯಿಂದ ನಿನ್ನದೇ ನೆನಪನ್ನೂ ಕಿತ್ತುಕೊಂಡಿದ್ದೇನೆಂದು ಅವತ್ತು ಗೊತ್ತಾಯಿತು. ಕಣ್ಣಾರೆ ಕಂಡದ್ದನ್ನು, ಬಾಯಾರೆ ಕೂಗಿದ್ದನ್ನು, ಕೂಗಿಯೇ ಇಲ್ಲವೇನೋ ಎಂದು ನೀನು ನಂಬತೊಡಗಿದ್ದೆ. ಅದನ್ನು ಕೇಳಿಯೂ — ಕೇಳಿಯೂ ನಾನು ಚಹಾ ಮುಗಿಸಿ, "ಬರ್ತೀನಿ ಅಣ್ಣಾ" ಎಂದು ಎದ್ದು ಬಂದೆ. ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಕೇಳಿದರೆ ಏನಾದರೂ ಒಂದು ಕಾರಣ ಹೊಂದಿಸಿಬಿಡುತ್ತೇನೆ, ಅದರಲ್ಲಿ ನಾನು ಪಳಗಿದ್ದೇನೆ.

ಕಂಪನಿಗೆ ಬರೆದು ಕೊಡುವ ಕಾಗದ ಬೇರೆ ಇದೆ. ಅದರಲ್ಲಿ ಕೆಂಪು ದೀಪ, ಕೊಕ್ಕೆ, ಕನ್ನಡಕ ಎಲ್ಲ ಇದೆ, ಕೆಳಗೆ ನನ್ನ ರುಜು ಇದೆ. ಹೆಂಡತಿಗೆ ನಿನ್ನೆ ಹೇಳಿದೆ. ಅವಳು ಒಳಗಿನಿಂದ ಆ ಕೂಲಿಂಗ್ ಗ್ಲಾಸ್ ತಂದು ನನ್ನ ಮುಂದಿಟ್ಟಳು. ಅದನ್ನು ನಾನು ಒಮ್ಮೆಯೂ ಹಾಕದೆ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟದ್ದು ಯಾಕೆಂದು ಅವಳಿಗೆ ಅರ್ಥವಾದದ್ದು ನಿನ್ನೆಯೇ.

ಕ್ಷಮಿಸು ಎಂದು ಬರೆಯುವುದಿಲ್ಲ. ಆ ಮಾತು ಕೇಳುವ ಯೋಗ್ಯತೆ ನನಗಿಲ್ಲ, ಅದನ್ನು ಕೊಡುವ ಹೊರೆಯೂ ನಿನಗೆ ಬೇಡ.

ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮೊದಲು ನಿನ್ನ ಅಂಗಡಿಗಲ್ಲ, ಮೊಳಕಾಲ್ಮೂರಿಗೆ, ನಾಗಕ್ಕನ ಮನೆಗೆ. ಅವಳು ಬಾಗಿಲಲ್ಲೇ ನಿಲ್ಲಿಸಿ ಕೇಳಿದರೂ ಸರಿ, ಬೈದು ಅಟ್ಟಿದರೂ ಸರಿ. ಅಟ್ಟುವ ಮೊದಲು ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಳ್ಳುತ್ತೇನೆ, ಒಂದು ಮಾತೂ ತಪ್ಪದ ಹಾಗೆ — ನಾಗಕ್ಕಾ, ನಿಮ್ಮಣ್ಣ ನಾಲ್ಕು ಸಲ ಕೂಗಿದ್ದ. ಮೂರು ಕೂಗಿನ ಮೇಲೆ ನಾನು ಕೂತಿದ್ದೆ.